ಅಟ್ಟದಿಂದ ಇಳಿದ ಬದ್ನಾ

ಈ ಬೇಸಿಗೆಯಲ್ಲಿ ಶಿರಂಗಾಲದ ನಮ್ಮ ಹಳೆಯ ಮನೆಯ ಅಟ್ಟ ಖಾಲಿ ಮಾಡಬೇಕಾಯಿತು. ಹೆಂಚು ಇಳಿಸಿ ತಾರಸಿ ಹಾಕಿಸುವುದೆಂದು ತಮ್ಮ ತೀರ್ಮಾನಿಸಿದ್ದ. ಗುಜರಿಯವನು ಅಂಗಳದಲ್ಲಿ ಕೊಕ್ಕೆಯ ತಕ್ಕಡಿ ತೂಗುಹಾಕಿಕೊಂಡು ಕುಳಿತಿದ್ದ. ಗಾಜಿಲ್ಲದ ಲಾಟೀನು, ತುಕ್ಕು ಹಿಡಿದ ಟ್ರಂಕು, ಈದಿನ ಮುಂಚೆ ಬೆಂಚಿಗೆ ಬಿಗಿಯುತ್ತಿದ್ದ ಕಬ್ಬಿಣದ ಶಾವಿಗೆ ಮಿಷನ್ನು, ಮುಚ್ಚಳ ಕಳೆದುಕೊಂಡ ಪಾನ್‌ದಾನ್, ತಾಮ್ರದ ಎರಡು ದೇಗ್ಚಿ ಒಂದೊಂದಾಗಿ ಕೆಳಗಿಳಿದವು. ಕಡೆಗೆ ಬಂದದ್ದು ದಾದಾ ವುಝೂ ಮಾಡುತ್ತಿದ್ದ ಬದ್ನಾ. ಅದನ್ನು ಕೊಕ್ಕೆಗೆ ಸಿಕ್ಕಿಸುವ ಮುನ್ನವೇ ನಾವು ಕಿತ್ತುಕೊಂಡೆವು. ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದ ಆಪಾ ನಕ್ಕರು. “ಇದರ ಮೇಲೂ ಒಂದು ಬರೀತೀಯೇನೋ?” ಎಂದರು.

ಆ ನಗು ನಮ್ಮನ್ನು ಚುಚ್ಚಿತು. ಕನ್ನಡದಲ್ಲಿ ಹಳೆಯ ಮನೆಸಾಮಾನುಗಳ ಮೇಲೆ ಬರೆಯುವುದು ಈಗ ಒಂದು ಬಗೆಯ ಸಾಹಿತ್ಯವೇ ಆಗಿಬಿಟ್ಟಿದೆ. ಒರಳು, ಒನಕೆ, ಬೀಸುವ ಕಲ್ಲು, ಕಡಗೋಲು, ಲಾಟೀನು, ವಾಲ್ವ್ ರೇಡಿಯೊ ಇವುಗಳಲ್ಲಿ ಯಾವುದಾದರೊಂದನ್ನು ಹಿಡಿದು ಬರೆದ ಲೇಖನವಿಲ್ಲದೆ ಒಂದು ಭಾನುವಾರವೂ ಕಳೆಯುವುದಿಲ್ಲ. ಅವುಗಳಿಗೆ ಒಂದು ಅಚ್ಚು ಇದೆ. ಮೊದಲು ವಸ್ತುವಿನ ವರ್ಣನೆ, ಆಮೇಲೆ ಅಜ್ಜಿಯ ಪ್ರವೇಶ, ಆಮೇಲೆ ಒಂದು ವಾಸನೆ, ಕಡೆಗೆ ಆ ಕಾಲ ಎಲ್ಲಿ ಹೋಯಿತೋ ಎಂಬ ನಿಟ್ಟುಸಿರು. ಈ ಅಚ್ಚಿನಲ್ಲಿ ನಾವೂ ಎರಡು ಮೂರು ಇಟ್ಟಿಗೆ ಎರೆದವರೇ. ಆದ್ದರಿಂದ ಇಲ್ಲಿ ಬೇರೆಯವರ ಮೇಲೆ ಹೊರಿಸುವ ದೋಷದಲ್ಲಿ ನಮ್ಮ ಪಾಲನ್ನೂ ಸೇರಿಸಿಯೇ ಮಾತಾಡಬೇಕು.

ವಸ್ತುವಿನ ಮೇಲೆ ಪ್ರೀತಿ ಇರುವುದು ತಪ್ಪಲ್ಲ. ಆದರೆ ಬೀಸುವ ಕಲ್ಲಿನ ಸದ್ದು ಸಂಗೀತದಂತಿತ್ತು ಎಂದು ಬರೆಯುವವನು ಸಾಮಾನ್ಯವಾಗಿ ಅದನ್ನು ಬೀಸಿದವನಲ್ಲ, ಪಕ್ಕದ ಕೋಣೆಯಲ್ಲಿ ಮಲಗಿ ಕೇಳಿದವನು. ಬೆಳಗಿನ ನಾಲ್ಕು ಗಂಟೆಗೆ ಎದ್ದು ರಾಗಿ ಬೀಸಿದವಳಿಗೆ ಅದು ತೋಳಿನ ನೋವು. ಅವಳು ಹಾಡಿದ್ದೂ ನೋವು ಮರೆಯಲಿಕ್ಕೆ. ರಾಮನಗರದ ಬಳಿ ಎಚ್.ಎಲ್. ನಾಗೇಗೌಡರು ಕಟ್ಟಿದ ಜಾನಪದ ಲೋಕವನ್ನು ಬೆಂಗಳೂರು ದಾರಿಯಲ್ಲಿ ಹೋಗಿ ಬರುವಾಗ ನೋಡಿದ ಓದುಗರು ಬಹಳ ಮಂದಿ ಇರಬಹುದು. ನಾಗೇಗೌಡರು ಮಾಡಿದ್ದು ದೊಡ್ಡ ಕೆಲಸ, ಅವರು ಕೂಡಿಡದಿದ್ದರೆ ಎಷ್ಟೋ ಸಾಮಾನು ಗುಜರಿಗೆ ಹೋಗುತ್ತಿತ್ತು. ಆದರೆ ಕಲ್ಲು ಸ್ವತಃ ಮಾತಾಡುವುದಿಲ್ಲ. ಅದನ್ನು ಮಾತಾಡಿಸುವುದು ಬರೆಯುವವನ ಕೆಲಸ. ಅಲ್ಲಿಯೇ ನಾವು ಸೋತಿದ್ದೇವೆ.

ಉರ್ದು ಶಾಲೆಯಲ್ಲಿ ಕಲಿತವರಿಗೆ ಮನೆಸಾಮಾನಿನ ಕತೆ ಎಂದೊಡನೆ ನೆನಪಾಗುವುದು ಪ್ರೇಮಚಂದರ ‘ಈದ್ಗಾಹ್’. ತಂದೆ ತಾಯಿ ಇಲ್ಲದ ಹಮೀದ್ ಅಜ್ಜಿ ಅಮೀನಾ ಕೊಟ್ಟ ಮೂರು ಪೈಸೆ ಹಿಡಿದು ಈದಿನ ಜಾತ್ರೆಗೆ ಹೋಗುತ್ತಾನೆ. ಜೊತೆಯ ಹುಡುಗರು ಮಣ್ಣಿನ ಸಿಪಾಯಿ, ವಕೀಲ, ಭಿಶ್ತಿ ಗೊಂಬೆ ಕೊಳ್ಳುತ್ತಾರೆ, ಮಿಠಾಯಿ ತಿನ್ನುತ್ತಾರೆ. ಹಮೀದ್ ಕೊಳ್ಳುವುದು ಒಂದು ಚಿಮಟಾ, ಅಂದರೆ ಒಲೆಯ ಇಕ್ಕಳ. ರೊಟ್ಟಿ ತೆಗೆಯುವಾಗ ಅಜ್ಜಿಯ ಬೆರಳು ಸುಡುತ್ತದೆ ಎಂಬುದು ಅವನಿಗೆ ನೆನಪಿದೆ. ಮೇಷ್ಟ್ರು ನಮಗೆ ಇದನ್ನು ಹುಡುಗನ ತ್ಯಾಗದ ಪಾಠವಾಗಿ ಹೇಳಿಕೊಟ್ಟರು. ಪರೀಕ್ಷೆಯಲ್ಲಿ ಹಾಗೆಯೇ ಬರೆದು ಅಂಕ ಗಿಟ್ಟಿಸಿದೆವು. ಈಗ ಓದಿದರೆ ಅದರ ಗಟ್ಟಿತನ ಬೇರೆಡೆ ಕಾಣುತ್ತದೆ. ಇಕ್ಕಳ ನೋಡಿದ ಅಜ್ಜಿ ಮೊದಲು ಬಯ್ಯುತ್ತಾಳೆ, ಆಮೇಲೆ ಮಗುವಿನ ಹಾಗೆ ಅಳುತ್ತಾಳೆ. ಪ್ರೇಮಚಂದ್ ಅಲ್ಲಿ ವಯಸ್ಸನ್ನೇ ತಿರುವಿ ಹಾಕುತ್ತಾರೆ: ಹುಡುಗ ಮುದುಕನಾಗುತ್ತಾನೆ, ಮುದುಕಿ ಬಾಲಕಿಯಾಗುತ್ತಾಳೆ. ಒಂದು ಇಕ್ಕಳ ಬಾಲ್ಯವನ್ನು ಮರಳಿ ಕೊಟ್ಟಿತು, ಆದರೆ ಕೊಟ್ಟದ್ದು ಬರೆಯುವವನಿಗಲ್ಲ, ಬೆರಳು ಸುಟ್ಟುಕೊಂಡವಳಿಗೆ. ನಮ್ಮ ಭಾನುವಾರದ ನೆನಪುಗಳಲ್ಲಿ ಬಾಲ್ಯ ಮರಳುವುದು ಯಾವಾಗಲೂ ಬರೆಯುವವನಿಗೆ ಮಾತ್ರ.

ಇಸ್ಮತ್ ಚುಗ್ತಾಯಿ 1942ರಲ್ಲಿ ಪ್ರಕಟಿಸಿದ ‘ಲಿಹಾಫ್’ ಇನ್ನೊಂದು ದಾರಿ. ಅದರ ಮೇಲೆ ಲಾಹೋರಿನಲ್ಲಿ ನಡೆದ ಅಶ್ಲೀಲತೆಯ ಮೊಕದ್ದಮೆಯ ಮಾತೇ ದೊಡ್ಡದಾಗಿ, ಕತೆ ಹೇಗೆ ಶುರುವಾಗುತ್ತದೆ ಎಂಬುದನ್ನು ಜನ ಮರೆತರು. ಚಳಿಗಾಲದಲ್ಲಿ ರಜಾಯಿ ಹೊದ್ದುಕೊಂಡಾಗ ಗೋಡೆಯ ಮೇಲೆ ಬೀಳುವ ನೆರಳನ್ನು ಕಂಡು ನಿರೂಪಕಿಗೆ ತನ್ನ ಬಾಲ್ಯದ ರಾತ್ರಿಗಳು ನೆನಪಾಗುತ್ತವೆ. ಅವು ಸಿಹಿಯಾದ ನೆನಪುಗಳಲ್ಲ. ಏನು ನಡೆಯುತ್ತಿದೆ ಎಂದು ತಿಳಿಯದ ಮಗುವಿನ ಹೆದರಿಕೆ ಅದು. ಮನೆಯ ವಸ್ತುಗಳು ಹೀಗೂ ನೆನಪು ತರುತ್ತವೆ. ನಮ್ಮ ಕನ್ನಡದ ಬರಹಗಳಲ್ಲಿ ಮಾತ್ರ ಅಜ್ಜಿಯ ಕೌದಿಯೊಳಗೆ ಯಾವತ್ತೂ ಬೆಚ್ಚಗೇ ಇರುತ್ತದೆ. ಚಿಕ್ಕಪ್ಪನ ಬೆಲ್ಟು ಗೋಡೆಯ ಮೊಳೆಯಲ್ಲಿ ತೂಗುತ್ತಿದ್ದುದನ್ನು ಯಾರೂ ಬರೆಯುವುದಿಲ್ಲ. ಅದೂ ದಿನಬಳಕೆಯ ವಸ್ತುವೇ ಅಲ್ಲವೆ?

ಇನ್ನು ನಮ್ಮ ಊರಿನ ಮಾತು. ಕೊಡಗು ಎಂದರೆ ಕಾಫಿ, ಕಿತ್ತಳೆ, ಮಂಜು, ಗೋಡೆಗೆ ತೂಗುಹಾಕಿದ ಪೀಚೆಕತ್ತಿ ಎಂದು ತಿಳಿದವರಿಗೆ ಶಿರಂಗಾಲವೂ ಕೊಡಗೇ ಎಂದು ನಂಬಿಸುವುದು ಕಷ್ಟ. ಇದು ಜಿಲ್ಲೆಯ ಒಂದು ತುದಿ. ಕಾವೇರಿ ಕೊಡಗನ್ನು ಬಿಟ್ಟು ಹೊರಡುವುದು ಇಲ್ಲಿಂದಲೇ. ಮುಂದೆ ಹೋದರೆ ಹಾಸನ ಜಿಲ್ಲೆಯ ಕೊಣನೂರು, ರಾಮನಾಥಪುರ. ಹೊಳೆಯಾಚೆ ಪಿರಿಯಾಪಟ್ಟಣದ ಹೊಗೆಸೊಪ್ಪಿನ ಸೀಮೆ. ಇಲ್ಲಿ ಗದ್ದೆ, ಜೋಳ, ಶುಂಠಿ. ಮಡಿಕೇರಿಯ ಅಂಗಡಿಗಳಲ್ಲಿ ಪ್ರವಾಸಿಗಳಿಗೆ ಮಾರುವ ‘ಕೊಡಗಿನ ನೆನಪು’ಗಳಲ್ಲಿ ನಮ್ಮ ಮನೆಯದೆನ್ನಬಹುದಾದ ಒಂದು ವಸ್ತುವೂ ಇಲ್ಲ. ಇದನ್ನು ದೂರಾಗಿ ಹೇಳುತ್ತಿಲ್ಲ. ಒಂದು ಸೀಮೆಯ ಹೆಸರಿನಲ್ಲಿ ಯಾವ ವಸ್ತು ಒಳಗೆ ಬರುತ್ತದೆ, ಯಾವುದು ಹೊರಗೆ ಉಳಿಯುತ್ತದೆ ಎಂಬುದು ಗಮನಿಸಬೇಕಾದ ಸಂಗತಿ ಎಂದಷ್ಟೇ.

ಕನ್ನಡದ ಮನೆಸಾಮಾನಿನ ನೆನಪುಗಳಲ್ಲಿ ಮುಸ್ಲಿಮರು ಇಲ್ಲ ಎನ್ನುವಂತಿಲ್ಲ. ಇದ್ದಾರೆ, ಆದರೆ ಬಾಗಿಲ ಹೊರಗೆ ಇದ್ದಾರೆ. ಕಲಾಯಿ ಸಾಬಿ, ಹತ್ತಿ ಹಿಂಜುವ ಸಾಬಿ, ಕೊಡೆ ರಿಪೇರಿ ಸಾಬಿ, ಬೀಗದ ಕೈ ಸಾಬಿ. ಇವರಿಗೆ ಹೆಸರಿಲ್ಲ. ಕೆ.ಎಸ್. ನರಸಿಂಹಸ್ವಾಮಿಯವರ 1942ರ ‘ಮೈಸೂರು ಮಲ್ಲಿಗೆ’ಯಲ್ಲಿ ಬಾಗಿಲಿಗೆ ಬರುವ ಬಳೆಗಾರನಿಗೆ ಚೆನ್ನಯ್ಯನೆಂಬ ಹೆಸರಿದೆ. ಹೆಸರಿದ್ದುದರಿಂದಲೇ ಅವನು ಕನ್ನಡಿಗರ ಮನೆಯವನಾದ. ಅದೇ ಬಾಗಿಲಿಗೆ ಬಂದು ತಾಮ್ರದ ಪಾತ್ರೆಗೆ ಬೆಳ್ಳಿಯ ಹೊಳಪು ತುಂಬಿ ಹೋದವನು ಮಾತ್ರ ಬರೀ ‘ಸಾಬಿ’.

ಕಲಾಯಿಯ ಕೆಲಸವನ್ನು ಸ್ವಲ್ಪ ವಿವರವಾಗಿಯೇ ಹೇಳಬೇಕು, ಈಗಿನ ಮಕ್ಕಳು ನೋಡಿರಲಾರರು. ತಾಮ್ರ, ಹಿತ್ತಾಳೆಗೆ ಹುಳಿ ತಾಗಿದರೆ ಕಿಲುಬು ಏಳುತ್ತದೆ, ಆ ಅಡುಗೆ ತಿಂದರೆ ಹೊಟ್ಟೆ ಕೆಡುತ್ತದೆ. ಅದಕ್ಕೇ ಒಳಗಡೆ ತವರದ ಲೇಪ. ನಾವು ಚಿಕ್ಕವರಿದ್ದಾಗ ಕಲಾಯಿಯವರು ಬಂದರೆ ಬೀದಿಯ ಬದಿಯಲ್ಲಿ ಸಣ್ಣ ಗುಂಡಿ ತೋಡಿ, ತಿದಿಯ ಮೂತಿಯನ್ನು ಅದಕ್ಕೆ ಹೂತು, ಇದ್ದಿಲು ತುಂಬಿ ಊದುತ್ತಿದ್ದರು. ಪಾತ್ರೆಯನ್ನು ಮರಳು, ಹುಣಸೆಹಣ್ಣು ಹಾಕಿ ತಿಕ್ಕಿ ಕೊಡುವುದು ಮನೆಯ ಹೆಂಗಸರ ಪಾಲು. ಕೆಂಡದ ಮೇಲೆ ಪಾತ್ರೆ ಹದವಾಗಿ ಕಾದ ಮೇಲೆ ನವಸಾಗರದ ಪುಡಿ ಎರಚಿದರೆ ಬಿಳಿ ಹೊಗೆ ಭುಗ್ಗನೆ ಏಳುತ್ತಿತ್ತು. ಆ ಹೊಗೆಯೊಳಗೇ ತವರದ ಕಡ್ಡಿ ಮುಟ್ಟಿಸಿ, ಹತ್ತಿಯ ಉಂಡೆಯಿಂದ ಒಂದೇ ಸಲಕ್ಕೆ ಸುತ್ತ ಬಳಿದುಬಿಡುತ್ತಿದ್ದರು. ಕಾವು ಹೆಚ್ಚಾದರೆ ತವರ ಸುಟ್ಟುಹೋಗುತ್ತದೆ, ಕಡಿಮೆಯಾದರೆ ಹಿಡಿಯುವುದಿಲ್ಲ. ಕಣ್ಣಳತೆಯ ವಿದ್ಯೆ ಅದು. ಕಡೆಗೆ ಪಾತ್ರೆಯನ್ನು ನೀರಿಗೆ ಅದ್ದಿದಾಗ ಬರುವ ಚುಂಯ್ ಸದ್ದಿಗಾಗಿ ನಾವು ಹುಡುಗರು ಸ್ಕೂಲು ತಪ್ಪಿಸಿ ನಿಂತಿದ್ದೇವೆ. ನಮ್ಮ ಬದ್ನಾಕ್ಕೂ ದೇಗ್ಚಿಗೂ, ಗೌಡರ ಮನೆಯ ಹಂಡೆಗೂ ಒಂದೇ ಕುಲುಮೆ. ಆ ನವಸಾಗರದ ಹೊಗೆಯನ್ನು ವರ್ಷಗಟ್ಟಲೆ ಕುಡಿದ ಮನುಷ್ಯನ ಎದೆ ಏನಾಗಿತ್ತು ಎಂದು ನಾವಾಗ ಕೇಳಲಿಲ್ಲ. ಈಗ ಅಟ್ಟದ ಪಾತ್ರೆ ನೋಡಿ ಕಣ್ಣೀರು ಹಾಕುವವರೂ ಕೇಳುತ್ತಿಲ್ಲ. ಸ್ಟೀಲು ಬಂತು, ಕಲಾಯಿಯವನು ಹೋದ, ಅಷ್ಟೇ.

ಬಾಗಿಲಾಚೆಗಿನಿಂದ ಒಳಕ್ಕೆ ಓದುಗರನ್ನು ಕರೆದುಕೊಂಡು ಹೋದವರು ಸಾರಾ ಅಬೂಬಕ್ಕರ್, ಬೊಳುವಾರು ಮಹಮದ್ ಕುಂಞಿ, ಫಕೀರ್ ಮುಹಮ್ಮದ್ ಕಟ್ಪಾಡಿ, ಬಾನು ಮುಷ್ತಾಕ್. ‘ಚಂದ್ರಗಿರಿಯ ತೀರದಲ್ಲಿ’ ಲಂಕೇಶ್ ಪತ್ರಿಕೆಯಲ್ಲಿ ಬರುವ ತನಕ ಮುಸ್ಲಿಮ್ ಮನೆಯ ಅಡುಗೆಮನೆಯಲ್ಲಿ ಒಲೆ ಯಾವ ದಿಕ್ಕಿಗಿದೆ ಎಂಬುದೂ ಕನ್ನಡಕ್ಕೆ ಗೊತ್ತಿರಲಿಲ್ಲ ಎಂದರೆ ಹೆಚ್ಚಿನ ಮಾತಲ್ಲ. 2023ರಲ್ಲಿ ತೀರಿಕೊಂಡ ಸಾರಾ ಅವರ ಋಣ ನಮ್ಮ ಪೀಳಿಗೆಯ ಮೇಲೆ ದೊಡ್ಡದಿದೆ.

ಬಾನು ಮುಷ್ತಾಕ್ ಅವರನ್ನು ಈ ಮಾತಿನ ನಡುವೆ ವಿಶೇಷವಾಗಿ ತರಬೇಕಾಗಿದೆ. 2025ರಲ್ಲಿ ಅವರ ಹನ್ನೆರಡು ಕತೆಗಳ ಅನುವಾದ ‘ಹಾರ್ಟ್ ಲ್ಯಾಂಪ್’ಗೆ ಅಂತಾರಾಷ್ಟ್ರೀಯ ಬೂಕರ್ ಬಂದಾಗ ನಮ್ಮ ಕಡೆಯ ಹಿಗ್ಗಿಗೆ ಎರಡು ಕಾರಣವಿತ್ತು. ಬರೆದವರು ಪಕ್ಕದ ಹಾಸನದವರು, ಇಂಗ್ಲಿಷಿಗೆ ತಂದ ದೀಪಾ ಭಾಸ್ತಿ ನಮ್ಮ ಮಡಿಕೇರಿಯವರು. ಪ್ರಶಸ್ತಿಯ ಮಾತು ಸಾಕಷ್ಟಾಯಿತು. ಕತೆಯೊಳಗಿನ ವಸ್ತುಗಳನ್ನು ನೋಡೋಣ. ‘ಎದೆಯ ಹಣತೆ’ಯಲ್ಲಿ ಮೆಹರುನ್ ಗಂಡನಿಂದ ದ್ರೋಹಕ್ಕೊಳಗಾಗಿ ತವರಿಗೆ ಬರುತ್ತಾಳೆ, ತವರಿನವರು ಅವಳನ್ನು ತಿರುಗಿ ಬಿಟ್ಟುಬರುತ್ತಾರೆ, ಆ ರಾತ್ರಿ ಅವಳು ಸೀಮೆಎಣ್ಣೆ ಸುರಿದುಕೊಳ್ಳುತ್ತಾಳೆ. ಹಿರಿಯ ಮಗಳು ಸಲ್ಮಾ ಬಂದು ತಡೆಯುತ್ತಾಳೆ. ಲಾಟೀನಿನ ಹಳದಿ ಬೆಳಕಿನಲ್ಲಿ ಓದಿದೆವು ಎಂದು ಬರೆಯುವ ಎಲ್ಲರ ಮನೆಯ ಮೂಲೆಯಲ್ಲೂ ಆ ಸೀಮೆಎಣ್ಣೆಯ ಡಬ್ಬಿ ಇತ್ತು. ‘ಸ್ಟವ್ ಸಿಡಿದು’ ಸತ್ತ ಸೊಸೆಯಂದಿರ ಸುದ್ದಿ ಪತ್ರಿಕೆಯಲ್ಲಿ ಬರುತ್ತಿದ್ದ ಕಾಲವೂ ಅದೇ. ಲಾಟೀನಿನ ಮೇಲೆ ಬರೆದ ಎಷ್ಟು ಲೇಖನಗಳಲ್ಲಿ ಆ ಡಬ್ಬಿ ಇದೆ? ನಾವು ಹುಡುಕಿದ್ದೇವೆ, ನಮ್ಮದರಲ್ಲೂ ಇರಲಿಲ್ಲ.

ಅದೇ ಸಂಕಲನದಲ್ಲಿ ಒಬ್ಬ ಮುದುಕಿಯ ಕತೆಯಿದೆ. ಅವಳು ಜೀವಕ್ಕಿಂತ ಹೆಚ್ಚಾಗಿ ಜೋಪಾನ ಮಾಡಿಕೊಂಡಿದ್ದ ಜಾನಮಾಜನ್ನು ಮನೆಯ ಹುಡುಗ ಬೈಕು ಒರೆಸಲು ಬಳಸಿಬಿಡುತ್ತಾನೆ. ಅಲ್ಲಿಂದ ಅವಳು ಕುಸಿಯುತ್ತಾಳೆ. ಕಡೆಗೆ ಮನೆಯವರು ಪೆಪ್ಸಿಯನ್ನೇ ಸ್ವರ್ಗದ ಪಾನೀಯವೆಂದು ಕುಡಿಸಿ ಅವಳನ್ನು ಸಮಾಧಾನದಲ್ಲಿಡುತ್ತಾರೆ. ನಗು ಬರುತ್ತದೆ, ನಕ್ಕ ಮೇಲೆ ನಾಚಿಕೆಯಾಗುತ್ತದೆ. ಬಾನು ಆ ಜಾನಮಾಜಿನ ಅಂಚು, ಬಣ್ಣ, ಅತ್ತರಿನ ವಾಸನೆ ಎಂದು ಪುಟಗಟ್ಟಲೆ ಹಿಗ್ಗಿಸುವುದಿಲ್ಲ. ವಸ್ತು ಕೈತಪ್ಪಿದಾಗ ಏನಾಯಿತು ಎಂಬುದರಿಂದಲೇ ಅದರ ಬೆಲೆ ತಿಳಿಯುತ್ತದೆ. ಹುಡುಗ ಕೆಟ್ಟವನಲ್ಲ. ಅವನ ಕಣ್ಣಿಗೆ ಅದು ಹಳೆಯ ಬಟ್ಟೆ. ಒಂದು ಮನೆಯೊಳಗೇ ಒಂದು ವಸ್ತು ಇಬ್ಬರಿಗೆ ಎರಡಾಗಿರುತ್ತದೆ ಎಂಬುದನ್ನು ಇಷ್ಟು ಸರಳವಾಗಿ ಹೇಳಿದ ಕತೆ ನಮ್ಮಲ್ಲಿ ಕಡಿಮೆ.

ದೀಪಾ ಭಾಸ್ತಿಯವರು ಇಂಗ್ಲಿಷಿನಲ್ಲಿ ಇಂಥ ಮನೆಮಾತಿನ ಪದಗಳನ್ನು ಓರೆಯಕ್ಷರದಲ್ಲಿ ಹಾಕದೆ ಬಿಟ್ಟರು. ಓದುವವನು ಬೇಕಾದರೆ ತಿಳಿದುಕೊಳ್ಳಲಿ ಎಂಬ ಧೈರ್ಯ ಅದು. ನಮಗೆ ಅಂಥ ಧೈರ್ಯ ಇರಲಿಲ್ಲ. ಇಪ್ಪತ್ತು ವರ್ಷದ ಹಿಂದೆ ಒಂದು ಪತ್ರಿಕೆಗೆ ಕಳಿಸಿದ ಕತೆಯಲ್ಲಿ ‘ಬದ್ನಾ’ ಎಂದು ಬರೆದಿದ್ದೆವು. ಅಚ್ಚಾಗಿ ಬಂದಾಗ ಅದು ‘ತಂಬಿಗೆ’ ಆಗಿತ್ತು. ತಂಬಿಗೆಗೆ ಮೂತಿ ಇರುವುದಿಲ್ಲ. ಒಂದು ಕೈಯಲ್ಲಿ ಹಿಡಿದು ಇನ್ನೊಂದು ಕೈಗೆ ಸಣ್ಣ ಧಾರೆಯಾಗಿ ಸುರಿದುಕೊಂಡು ಅರ್ಧ ಪಾತ್ರೆ ನೀರಿನಲ್ಲಿ ವುಝೂ ಮುಗಿಸುವ ದಾದಾರ ಜಾಣತನವೇ ಆ ಪದದೊಂದಿಗೆ ಚೆಲ್ಲಿಹೋಯಿತು. ಕನ್ನಡದಲ್ಲಿ ‘ಗಿಂಡಿ’ ಎಂಬ ಸೊಗಸಾದ ಮಾತಿದೆ, ಅದಕ್ಕೂ ಮೂತಿ ಇದೆ. ದೇವಸ್ಥಾನದಲ್ಲೂ ಗಿಂಡಿ, ಮಲಯಾಳ ಮಾತಿನ ಮುಸ್ಲಿಮರ ಮನೆಯ ಜಗುಲಿಯಲ್ಲೂ ಗಿಂಡಿ. ಸಂಪಾದಕರಿಗೂ ಅದು ಹೊಳೆಯಲಿಲ್ಲ, ಎರಡು ಭಾಷೆ ಓದಿದ ನಮಗೂ ಹೊಳೆಯಲಿಲ್ಲ. ಬದ್ನಾ ಎಂದೇ ಇರಲಿ ಎಂದು ಹಟ ಹಿಡಿಯಬಹುದಿತ್ತು. ಅಚ್ಚಾದದ್ದೇ ಸಾಕೆಂದು ಸುಮ್ಮನಿದ್ದೆವು.

ವಸ್ತುಗಳನ್ನು ಕೂಡಿಡುವ ಹುಚ್ಚಿಗೆ ಜಗತ್ತಿನಲ್ಲೇ ಹೆಸರಾದವರು ತುರ್ಕಿಯ ಓರ್ಹಾನ್ ಪಾಮುಕ್. 2008ರಲ್ಲಿ ‘ಮುಗ್ಧತೆಯ ಸಂಗ್ರಹಾಲಯ’ ಎಂಬ ಕಾದಂಬರಿ ಬರೆದು, 2012ರಲ್ಲಿ ಇಸ್ತಾಂಬುಲ್‌ನಲ್ಲಿ ಅದೇ ಹೆಸರಿನ ನಿಜವಾದ ಸಂಗ್ರಹಾಲಯವನ್ನೇ ತೆರೆದರು. ಪ್ರಿಯತಮೆ ಸೇದಿ ಬಿಸಾಡಿದ 4,213 ಸಿಗರೇಟು ತುಂಡುಗಳು ಅಲ್ಲಿ ಗೋಡೆಯ ಮೇಲಿವೆ. ಮುಸ್ಲಿಮ್ ನಗರವೊಂದರ ಮಧ್ಯಮವರ್ಗದ ಮನೆಯ ಚಹಾ ಲೋಟ, ಉಪ್ಪಿನ ಡಬ್ಬಿಗೂ ಇಷ್ಟು ಗೌರವ ಸಿಕ್ಕಿತಲ್ಲ ಎಂದು ನಾವು ಹಿಗ್ಗಿದ್ದುಂಟು. ಆದರೆ ಕಾದಂಬರಿಯ ಕೆಮಾಲ್ ಅವಳು ಮುಟ್ಟಿದ್ದನ್ನೆಲ್ಲ ಉಳಿಸಿಕೊಂಡ. ಸಿನಿಮಾ ನಟಿಯಾಗಬೇಕೆಂಬ ಅವಳ ಆಸೆಯೊಂದನ್ನು ಮಾತ್ರ ಉಳಿಸಲಿಲ್ಲ. ಪಾಮುಕ್‌ಗೆ ಇದು ಗೊತ್ತಿದೆ, ಅದಕ್ಕೇ ಅವರು ದೊಡ್ಡ ಲೇಖಕರು. ನಮ್ಮಂಥವರಿಗೆ ಗೊತ್ತಾಗಲು ಆಪಾ ನಗಬೇಕಾಯಿತು.

ನಮ್ಮ ಪಾನ್‌ದಾನ್ ಕತೆಯ ವಿಚಾರ ಹೇಳಲೇಬೇಕು. ದಾದಿಯ ಪಾನ್‌ದಾನಿನ ಮೇಲೆ ನಾವು ಬರೆದ ಕತೆಗೆ ಒಳ್ಳೆಯ ಮಾತು ಬಂದಿದ್ದವು. ಕತ್ಥೆ, ಸುಣ್ಣ, ಏಲಕ್ಕಿ, ಸಣ್ಣ ಅಡಕತ್ತರಿ, ಮುಚ್ಚಳ ತೆರೆದಾಗಿನ ಪರಿಮಳ ಎಲ್ಲವೂ ಅದರಲ್ಲಿದ್ದವು. ಓದಿಸಿಕೊಂಡು ಕೇಳಿದ ಆಪಾ, “ಉಗಾಲ್‌ದಾನ್ ಎಲ್ಲಿ?” ಎಂದರು. ದಾದಿ ದಿನವಿಡೀ ಉಗಿದ ಆ ಹಿತ್ತಾಳೆಯ ಪಾತ್ರೆಯನ್ನು ರಾತ್ರಿ ಮಲಗುವ ಮುನ್ನ ತೊಳೆಯುವುದು ಏಳನೇ ವಯಸ್ಸಿನಿಂದ ಆಪಾರ ಕೆಲಸವಾಗಿತ್ತು. ಪಾನ್‌ದಾನ್, ಉಗಾಲ್‌ದಾನ್ ಎರಡೂ ದಾದಿಯ ಮಂಚದ ಎರಡು ಬದಿಗಿದ್ದವು. ನಾವು ಕುಳಿತದ್ದು ಪಾನ್‌ದಾನಿನ ಬದಿಗೆ. ಅಂದು ಅದನ್ನು ತಮಾಷೆಯೆಂದು ತಳ್ಳಿಹಾಕಿದೆವು. ನಮ್ಮ ಬರವಣಿಗೆಯ ಮೇಲೆ ಬಂದ ವಿಮರ್ಶೆಗಳಲ್ಲಿ ಅದಕ್ಕಿಂತ ಖಚಿತವಾದದ್ದು ಇನ್ನೊಂದಿಲ್ಲ.

ಎಲ್ಲ ನೆನಪನ್ನೂ ಹೀಗೆ ಅನುಮಾನಿಸುತ್ತ ಹೋದರೆ ಬರೆಯಲು ಏನು ಉಳಿದೀತು ಎಂದು ಗೆಳೆಯರೊಬ್ಬರು ಕೇಳಿದರು. ಈ ಪ್ರಶ್ನೆಗೆ ಉತ್ತರ 2018, 2019ರ ಆಗಸ್ಟ್ ತಿಂಗಳುಗಳಲ್ಲಿ ನಮಗೆ ಸಿಕ್ಕಿತ್ತು. ಕುಶಾಲನಗರದ ಬಡಾವಣೆಗಳಿಗೆ ಎರಡು ವರ್ಷವೂ ಕಾವೇರಿ ನುಗ್ಗಿತು. 2019ರಲ್ಲಿ ನೆಲ್ಯಹುದಿಕೇರಿ, ಕರಡಿಗೋಡು ಕಡೆ ಹೊಳೆ ದಂಡೆಯ ಮನೆಗಳು ಬಿದ್ದವು. ಪರಿಹಾರ ಕೇಂದ್ರದಲ್ಲಿ ಕಂಡ ಹೆಂಗಸೊಬ್ಬರು ಕಳೆದುಹೋದದ್ದನ್ನು ಲೆಕ್ಕ ಹೇಳುತ್ತಿದ್ದರು. ಟಿವಿ, ಬೀರು, ರೇಷನ್ ಕಾರ್ಡು ಹೇಳುವಾಗ ಗಟ್ಟಿಯಾಗಿದ್ದ ದನಿ, ತೊಗರಿ ಕೇರುವ ಮೊರದ ಮಾತು ಬಂದಾಗ ಒಡೆಯಿತು. ಅಂಚಿಗೆ ತಾನೇ ಬಟ್ಟೆ ಹೊಲಿದ ಮೊರವಂತೆ. ನಮೂನೆಯಲ್ಲಿ ಅದಕ್ಕೆ ಕಾಲಮ್ಮು ಇರಲಿಲ್ಲ. ಅಲ್ಲಿದ್ದ ಎಲ್ಲರಿಗೂ ಒಂದೇ ಬಣ್ಣದ ಪ್ಲಾಸ್ಟಿಕ್ ಬಕೆಟ್ಟು, ಒಂದೇ ಬಗೆಯ ಚಾಪೆ ಕೊಟ್ಟಿದ್ದರು. ಆ ಕೇಂದ್ರದಲ್ಲಿ ಓಡಾಡುತ್ತಿದ್ದ ಮಕ್ಕಳು ದೊಡ್ಡವರಾಗಿ ಬಾಲ್ಯದ ವಸ್ತು ಎಂದರೆ ಆ ಬಕೆಟ್ಟನ್ನೇ ನೆನೆಯಬಹುದು. ಅದನ್ನು ಬರೆಯಲು ನಮ್ಮ ಭಾನುವಾರದ ಅಚ್ಚಿನಲ್ಲಿ ಜಾಗವಿಲ್ಲ. ಆ ಮೊರ ಕಳೆದುಕೊಂಡವರ ದುಃಖ ಹಳೆಯ ಕಾಲದ ಮೇಲಿನ ಮೋಹವೂ ಅಲ್ಲ. ತನ್ನ ಕೈಯ ಹೊಲಿಗೆ ನೀರು ಪಾಲಾಯಿತೆಂಬ ಸಂಕಟ ಅದು. ಬರೆಯಲು ಇರುವುದು ಅದು.

ಅಂಗಳಕ್ಕೆ ಮರಳೋಣ. ಗುಜರಿಯವನು ಬದ್ನಾದ ಒಳಗೆ ಮೊಳೆಯಿಂದ ಗೀರಿ ನೋಡಿ, ಕಲಾಯಿ ಉಳಿದಿರುವ ತಾಮ್ರಕ್ಕೆ ರೇಟು ಕಡಿಮೆ, ಹೇಗೂ ಲಾಭವಿಲ್ಲ, ಇಟ್ಟುಕೊಳ್ಳಿ ಎಂದ. ನಾವು ಇಟ್ಟುಕೊಂಡೆವು. ಶಾವಿಗೆ ಮಿಷನ್ನನ್ನೂ ತೆಗೆದಿಡೋಣ ಎಂದು ಕೈ ಹಾಕಿದಾಗ ಆಪಾ ಅಂಗಳಕ್ಕೆ ಇಳಿದು ಬಂದರು. ಆ ಹಿಡಿಯನ್ನು ರಮಝಾನಿನ ಕಡೆಯ ವಾರದಲ್ಲಿ ಬೆಳಗಿನಿಂದ ಅಸರ್‌ವರೆಗೆ ತಿರುಗಿಸುತ್ತಿದ್ದವರು ಅವರು. ಹಿಟ್ಟು ತುಂಬುವುದು ಅಮ್ಮಿ, ಹಗ್ಗದ ಮಂಚದ ಮೇಲೆ ಒಣಹಾಕುವುದು ಫೂಫಿ. ಏಳನೇ ತರಗತಿ ಪಾಸಾದ ವರ್ಷ ಹಾಗೆ ತಿರುಗಿಸುತ್ತಿದ್ದಾಗಲೇ ಅಬ್ಬಾ ಬಂದು, ಇನ್ನು ಹೊಳೆ ದಾಟಿ ಓದಲು ಕಳಿಸುವುದು ಬೇಡ ಎಂದು ಅಮ್ಮಿಗೆ ಹೇಳಿದರಂತೆ. ಅಮ್ಮಿ ಏನೂ ಹೇಳದೆ ಇನ್ನೊಂದು ಹಿಡಿ ಹಿಟ್ಟು ತುಂಬಿದರಂತೆ. ನಲವತ್ತು ವರ್ಷದಲ್ಲಿ ಇದನ್ನು ನಾವು ಕೇಳಿದ್ದು ಅದೇ ಮೊದಲು. ಆ ವರ್ಷದ ಶೀರ್ ಖುರ್ಮಾದ ರುಚಿಯ ಮೇಲೆ ನಾವು ಒಂದು ಲೇಖನ ಬರೆದದ್ದುಂಟು.

“ಇದನ್ನ ಮೊದಲು ತೂಗಪ್ಪಾ” ಎಂದರು ಆಪಾ. ಆರೂವರೆ ಕಿಲೋ ಬಂತು. ದುಡ್ಡನ್ನು ಅವರೇ ಎಣಿಸಿಕೊಂಡು ಸೆರಗಿಗೆ ಕಟ್ಟಿಕೊಂಡರು.